ಕಾವು ಪೆಟ್ಟಿಗೆಗೆ ಗುಜರಿಯಿಂದ ಏನು ತರಬಹುದು, ಏನು ತರಬಾರದು

ಮಾನ್ಯ ಸಂಪಾದಕರೇ,

ಕೋಳಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆಯನ್ನು, ಅಂದರೆ ಇನ್‌ಕ್ಯುಬೇಟರನ್ನು, ಮನೆಯಲ್ಲೇ ಮಾಡಿಕೊಳ್ಳುವ ಬಗ್ಗೆ ತಮ್ಮ ಕೃಷಿ ಪುಟದಲ್ಲಿ ಬಂದ ಬರಹ ಓದಿದೆ. ಥರ್ಮಾಕೋಲ್ ಡಬ್ಬಿ, ಒಂದು ಬಲ್ಬು, ಒಂದು ಬಟ್ಟಲು ನೀರು ಇದ್ದರೆ ಸಾಕು, 21ನೇ ದಿನ ಮರಿ ಎಂದು ಅದರಲ್ಲಿದೆ. ಇಷ್ಟರಿಂದಲೂ ಒಮ್ಮೊಮ್ಮೆ ಮರಿಯಾಗುತ್ತದೆ, ಸುಳ್ಳಲ್ಲ. ಆದರೆ ಇಟ್ಟ ಮೊಟ್ಟೆಯಲ್ಲಿ ಕಾಲು ಭಾಗದಿಂದಷ್ಟೇ ಮರಿ ಬಂದು, ಮಿಕ್ಕದ್ದು ಒಳಗೇ ಸತ್ತಾಗ ಜನ ಹುಂಜವನ್ನು ಬೈಯುತ್ತಾರೆ. ಬಹಳ ಸಲ ತಪ್ಪಿರುವುದು ಥರ್ಮಾಮೀಟರಿನಲ್ಲಿ. ಬರಹದಲ್ಲಿ ‘ಒಳಗೆ 38 ಡಿಗ್ರಿ ಇರಲಿ’ ಎಂದಷ್ಟೇ ಇದೆ. ಎಲ್ಲಿ ಅಳೆದ 38, ಯಾವುದರಿಂದ ಅಳೆದ 38, ಫ್ಯಾನ್ ಇದ್ದಾಗಲೋ ಇಲ್ಲದಾಗಲೋ, ಒಂದೂ ಇಲ್ಲ. ಪೆಟ್ಟಿಗೆಯನ್ನು ಯಾವುದರಿಂದ ಬೇಕಾದರೂ ಮಾಡಿ. ಅಳತೆಯನ್ನು ಮಾತ್ರ ಗುಜರಿಯ ಲೆಕ್ಕಕ್ಕೆ ಬಿಡಬೇಡಿ.

ಮೊದಲು ಪೆಟ್ಟಿಗೆ. ಮೀನು ಅಥವಾ ಔಷಧಿ ಸಾಗಿಸುವ ದಪ್ಪ ಗೋಡೆಯ ಥರ್ಮಾಕೋಲ್ ಡಬ್ಬಿ ಒಳ್ಳೆಯದು. 40–50 ಲೀಟರಿನದು ಎರಡು ಮೂರು ಡಜನ್ ಮೊಟ್ಟೆಗೆ ಸಾಕು. ಟಿವಿ ಪ್ಯಾಕಿಂಗಿನ ತೆಳ್ಳನೆಯ ಹಾಳೆಗಳನ್ನು ಅಂಟಿಸಿ ಮಾಡಿದ ಡಬ್ಬಿಯ ಸಂದಿಗಳಲ್ಲಿ ಶಾಖ ಸೋರಿ ಮೂಲೆಗಳು ತಣ್ಣಗಿರುತ್ತವೆ. ಮುಚ್ಚಳದಲ್ಲಿ ಅಂಗೈಯಗಲದ ಕಿಟಕಿ ಕತ್ತರಿಸಿ ಫೋಟೋ ಫ್ರೇಮಿನ ಗಾಜು ಕೂರಿಸಿ. ಒಳಗೆ ನೋಡಬೇಕೆಂದಾಗಲೆಲ್ಲ ಮುಚ್ಚಳ ತೆಗೆಯುವ ಚಪಲಕ್ಕೆ ಇದೊಂದೇ ಮದ್ದು. ಕೆಳಗಡೆ ಪಕ್ಕಗಳಲ್ಲಿ 12 ಮಿಲಿಮೀಟರಿನ ನಾಲ್ಕು ತೂತು, ಮೇಲುಗಡೆ ಅಷ್ಟೇ ಅಳತೆಯ ನಾಲ್ಕು ತೂತು ಇರಲಿ. ಮೊಟ್ಟೆಯೊಳಗಿನ ಜೀವ ಉಸಿರಾಡುತ್ತದೆ, ಕೊನೆಯ ಮೂರು ದಿನವಂತೂ ಬಹಳ. ಶಾಖ ಉಳಿಸಲೆಂದು ತೂತು ಮುಚ್ಚಿದವರ ಪೆಟ್ಟಿಗೆಯಲ್ಲಿ ಪೂರ್ತಿ ಬೆಳೆದ ಮರಿಗಳು ಚಿಪ್ಪು ಕುಕ್ಕುವ ಮೊದಲೇ ಸಾಯುತ್ತವೆ.

ಕೆಟ್ಟ ಫ್ರಿಜ್ ಸಿಕ್ಕರೆ ಅದಕ್ಕಿಂತ ಗಟ್ಟಿ ಪೆಟ್ಟಿಗೆ ಇಲ್ಲ. ಜಾಲರಿ ತಟ್ಟೆಗಳು ಸಿದ್ಧವಾಗಿಯೇ ಇರುತ್ತವೆ, ಒಳಮೈ ತೊಳೆಯಬಹುದು. ಆದರೆ ಕಂಪ್ರೆಸರಿನ ಕೊಳವೆಯನ್ನು ನೀವೇ ಕತ್ತರಿಸಬೇಡಿ. ಈಚಿನ ಬಹಳಷ್ಟು ಫ್ರಿಜ್‌ಗಳಲ್ಲಿರುವುದು ಐಸೊಬ್ಯುಟೇನ್, ಹೊತ್ತಿಕೊಳ್ಳುವ ಅನಿಲ. ಅದನ್ನು ತೆಗೆಯುವುದು ರಿಪೇರಿಯವರ ಕೆಲಸ. ಗಾಳಿಯ ತೂತುಗಳನ್ನು ಬಾಗಿಲಿನಲ್ಲೇ ಕೊರೆಯಿರಿ: ಪಕ್ಕದ ಗೋಡೆಗಳ ಒಳಗೆ ಕೊಳವೆ ಹಾದುಹೋಗಿರುವುದುಂಟು, ಡ್ರಿಲ್ ನೇರ ಅದಕ್ಕೇ ತಾಗುತ್ತದೆ. ಹಳೆಯ ಮಾದರಿಯ ಚಿಲಕವಿದ್ದರೆ ಮೊದಲು ಅದನ್ನು ಕಿತ್ತುಹಾಕಿ. ಆಟವಾಡುತ್ತ ಒಳಗೆ ಸೇರಿಕೊಂಡ ಮಗುವಿಗೆ ಒಳಗಿಂದ ತೆರೆಯಲಾಗುವುದಿಲ್ಲ.

ಶಾಖಕ್ಕೆ ಬೇಕಾದದ್ದು ಹಳೆಯ ತಂತಿ ಬಲ್ಬು. ಎಲ್‌ಇಡಿ ಬಲ್ಬಿನಿಂದ ಆಗದು, ಅದರ ಶಾಖ ಸಾಲದು. ಇಸ್ತ್ರಿಪೆಟ್ಟಿಗೆಯ ಕಾಯಿಲ್, ಹೇರ್ ಡ್ರೈಯರಿನ ತಂತಿ ಇವೆಲ್ಲ ಅತಿಯಾದವು. ಥರ್ಮೋಸ್ಟಾಟ್ (ಗುರಿಯ ಉಷ್ಣಾಂಶ ಮುಟ್ಟಿದಾಗ ಕರೆಂಟು ಕಡಿಯುವ ಸಾಧನ) ಕರೆಂಟು ಕಡಿದ ಮೇಲೂ ಕಾದ ಲೋಹ ಶಾಖ ಬಿಡುತ್ತಲೇ ಇರುವುದರಿಂದ ಉಷ್ಣಾಂಶ ಗುರಿ ದಾಟಿ ಹೋಗುತ್ತದೆ. 40–50 ಲೀಟರಿನ ಡಬ್ಬಿಗೆ ಒಟ್ಟು 40–50 ವ್ಯಾಟ್ ಸರಿಯಾದ ಅಳತೆ. ಹದವಾಗಿದೆಯೇ ಎಂದು ತಿಳಿಯಲು ಗಡಿಯಾರ ಹಿಡಿದು ನೋಡಿ: ಪೆಟ್ಟಿಗೆ ಒಮ್ಮೆ ಕಾದ ನಂತರ ಬಲ್ಬು ಹೆಚ್ಚುಕಡಿಮೆ ಅರ್ಧ ಹೊತ್ತು ಉರಿಯಬೇಕು, ಅರ್ಧ ಹೊತ್ತು ಆರಿರಬೇಕು. ಆರುವುದೇ ಇಲ್ಲವೆಂದರೆ ವ್ಯಾಟ್ ಸಾಲದು ಅಥವಾ ಸಂದಿ ಸೋರುತ್ತಿದೆ. ಹತ್ತು ಸೆಕೆಂಡು ಉರಿದು ಎರಡು ನಿಮಿಷ ಆರಿದರೆ ಬಲ್ಬು ದೊಡ್ಡದಾಯಿತು.

25 ವ್ಯಾಟಿನ ಎರಡು ಬಲ್ಬುಗಳನ್ನು ಪ್ಯಾರಲಲ್ ಆಗಿ, ಅಂದರೆ ಪ್ರತಿಯೊಂದಕ್ಕೂ ನೇರ ಕರೆಂಟು ಸಿಗುವಂತೆ, ಹಾಕಿದರೆ ಒಂದು ಸುಟ್ಟರೂ ಇನ್ನೊಂದು ಮೊಟ್ಟೆಗಳನ್ನು ಬೆಳಗಿನವರೆಗೆ ಕಾಯುತ್ತದೆ. ಇನ್ನೊಂದು ದಾರಿ, 60 ವ್ಯಾಟಿನ ಎರಡನ್ನು ಒಂದರ ಹಿಂದೊಂದಾಗಿ, ಅಂದರೆ ಸೀರೀಸ್‌ನಲ್ಲಿ ಹಾಕುವುದು. ಎರಡೂ ಮಂಕಾಗಿ ಉರಿದು ಒಟ್ಟು ಸುಮಾರು 40 ವ್ಯಾಟ್ ಕೊಡುತ್ತವೆ, ಅರ್ಧ ವೋಲ್ಟೇಜಿನಲ್ಲಿ ಉರಿಯುವುದರಿಂದ ಅವುಗಳ ಬಾಳಿಕೆ ಬಹಳ. ಒಂದು ಹೋದರೆ ಎರಡೂ ಹೋಗುತ್ತವೆ ಎಂಬುದೇ ಅದರ ದೋಷ. ನನ್ನ ಮತ ಪ್ಯಾರಲಲ್ ಕಡೆಗೆ. ಬಲ್ಬಿಗೂ ಥರ್ಮಾಕೋಲ್‌ಗೂ ಕನಿಷ್ಠ 10–15 ಸೆಂಟಿಮೀಟರ್ ಅಂತರವಿರಲಿ, ನಡುವೆ ತಗಡು ಇರಲಿ. ಥರ್ಮಾಕೋಲ್ 80 ಡಿಗ್ರಿ ದಾಟಿದರೆ ಮೆತ್ತಗಾಗತೊಡಗುತ್ತದೆ, ಹೊತ್ತಿಕೊಂಡರೆ ಬೇಗ ಉರಿದುಹೋಗುತ್ತದೆ. ಹಾಲಿನಪುಡಿಯ ಖಾಲಿ ತಗಡಿನ ಡಬ್ಬಿಗೆ ಸುತ್ತಲೂ ತೂತು ಹೊಡೆದು ಬಲ್ಬಿನ ಮೇಲೆ ಕವುಚಿದರೆ ಹತ್ತಿರದ ಮೊಟ್ಟೆಗಳಿಗೆ ನೇರ ಬಿಸಿ ಬಡಿಯುವುದು ತಪ್ಪುತ್ತದೆ, ಒಡೆದ ಮರಿಗಳು ಬಲ್ಬಿಗೆ ತಾಗಿ ಸುಟ್ಟುಕೊಳ್ಳುವುದೂ ತಪ್ಪುತ್ತದೆ. ಹೋಲ್ಡರ್ ಪಿಂಗಾಣಿಯದಾಗಿರಲಿ. ಹೋಲ್ಡರ್, ವೈರು, ಪ್ಲಗ್ಗು ಈ ಮೂರನ್ನು ಹೊಸದಾಗಿಯೇ ತನ್ನಿ. ಬಿರುಕು ಬಿಟ್ಟ ಹಳೇ ವೈರು, ಜೊತೆಗೆ 60–70 ಶೇಕಡ ತೇವ: ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಪೆಟ್ಟಿಗೆಯಲ್ಲಿ ಲೋಹ ಎಲ್ಲಿದ್ದರೂ ಅರ್ಥ್ ಕೊಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಲೈನಿನಿಂದಲೇ ಕರೆಂಟು ತೆಗೆದುಕೊಳ್ಳಿ.

ಫ್ಯಾನ್ ಮಾತ್ರ ಗುಜರಿಯದೇ ಸಾಕು. ಹಳೇ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿರುವ 80 ಮಿಲಿಮೀಟರಿನ 12 ವೋಲ್ಟ್ ಫ್ಯಾನನ್ನು ಬೆರಳಿನಿಂದ ತಿರುಗಿಸಿ ನೋಡಿ. ಸದ್ದಿಲ್ಲದೆ ನಾಲ್ಕು ಸುತ್ತು ಹಾಕಿದರೆ ಇಟ್ಟುಕೊಳ್ಳಿ, ಕರಕರ ಎಂದರೆ ಬಿಸಾಡಿ. 21 ದಿನ ಬಿಡುವಿಲ್ಲದೆ ತಿರುಗಬೇಕಾದದ್ದು ಅದು. ಪವರ್ ಸಪ್ಲೈ ಡಬ್ಬಿಯೊಳಗಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ಹೊಡೆಯುತ್ತವೆ, ಆದ್ದರಿಂದ ಒಂದು ದಿನ ಬಿಟ್ಟು ಬಿಚ್ಚಿ, ಆಗಲೂ ಒಳಗೆ ಕೈ ತಾಗಿಸಬೇಡಿ. 12 ವೋಲ್ಟಿನಲ್ಲಿ ಓಡಿಸಿದರೆ ಗಾಳಿ ಜೋರಾಗಿ ಮೊಟ್ಟೆ ಒಣಗುತ್ತದೆ. ಹಳೇ 9 ವೋಲ್ಟ್ ಅಡಾಪ್ಟರ್ ಹದವಾಗಿರುತ್ತದೆ. 5 ವೋಲ್ಟಿನ ಮೊಬೈಲ್ ಚಾರ್ಜರಿನಲ್ಲಿ ಕೆಲವು ಫ್ಯಾನ್‌ಗಳು ಓಡುತ್ತವೆ, ಕೆಲವು ಕೈಯಿಂದ ತಳ್ಳಿದರೆ ಮಾತ್ರ ಹೊರಡುತ್ತವೆ. ಅಂಥದ್ದು ಬೇಡ: ಕರೆಂಟು ಹೋಗಿ ಬಂದಾಗ ತಳ್ಳಲು ಯಾರಿರುತ್ತಾರೆ? ಫ್ಯಾನನ್ನು ಬಲ್ಬಿನ ಕಡೆಗೆ ಬೀಸುವಂತೆ ಕೂರಿಸಿ, ಗಾಳಿ ಗೋಡೆಗೆ ಬಡಿದು ಮೊಟ್ಟೆಗಳ ಮೇಲೆ ಮರಳಲಿ. ಅದು ಥರ್ಮೋಸ್ಟಾಟಿನ ಹಂಗಿಲ್ಲದೆ ಸದಾ ತಿರುಗುತ್ತಿರಬೇಕು.

ಈಗ ಥರ್ಮೋಸ್ಟಾಟ್. ಫ್ರಿಜ್ಜಿನದೋ ಗೀಸರಿನದೋ ಹಳೇ ಥರ್ಮೋಸ್ಟಾಟ್ ಇಲ್ಲಿ ನಡೆಯದು, ಅವುಗಳ ಏರಿಳಿತ ಹಲವು ಡಿಗ್ರಿ. ಡಬ್ಲ್ಯು 1209 ಎಂಬ ಚಿಕ್ಕ ಬೋರ್ಡು, ಅಥವಾ ನೇರ ಮನೆ ಕರೆಂಟಿನಲ್ಲಿ ಓಡುವ ಎಸ್‌ಟಿಸಿ-1000, ಎರಡೂ 0.1 ಡಿಗ್ರಿಯವರೆಗೆ ತೋರಿಸುತ್ತವೆ. ಡಬ್ಲ್ಯು 1209ರಲ್ಲಿ ಪಿ-0 ಎಂಬ ಸೆಟ್ಟಿಂಗನ್ನು ಹೀಟಿಂಗ್‌ಗೆ ಬದಲಿಸುವುದು ಮೊದಲ ಕೆಲಸ. ಕೂಲಿಂಗ್‌ನಲ್ಲೇ ಬಿಟ್ಟರೆ ಬಿಸಿಯಾದಾಗ ಬಲ್ಬು ಹೊತ್ತುತ್ತದೆ, ಮೊಟ್ಟೆ ಬೇಯುತ್ತದೆ. ಪಿ-1 ಎಂದರೆ ಎಷ್ಟು ಇಳಿದ ಮೇಲೆ ಮತ್ತೆ ಬಲ್ಬು ಹಚ್ಚಬೇಕೆಂಬ ಅಂತರ. ಕಾರ್ಖಾನೆಯಿಂದ ಬರುವಾಗ ಅದು 2 ಡಿಗ್ರಿ ಇರುತ್ತದೆ, ಇದು ಅತಿಯಾಯಿತು. ಹಾಗೆಂದು 0.1ಕ್ಕೆ ಇಳಿಸುವುದು ಇನ್ನೊಂದು ತಪ್ಪು. ಬೋರ್ಡಿನಲ್ಲಿ ಬಲ್ಬನ್ನು ಹಚ್ಚಿ ಆರಿಸುವ ಸ್ವಿಚ್ಚು, ಅಂದರೆ ರಿಲೇ, ಅರ್ಧ ನಿಮಿಷಕ್ಕೊಮ್ಮೆ ಟಿಕ್ ಎಂದರೆ ದಿನಕ್ಕೆ 2,880 ಸಲ, 21 ದಿನಕ್ಕೆ 60 ಸಾವಿರ ಸಲ. ಇಂಥ ಚಿಕ್ಕ ರಿಲೇಗೆ ಪೂರ್ಣ ಹೊರೆಯಲ್ಲಿ ಹೇಳುವ ಆಯುಷ್ಯವೇ ಸುಮಾರು ಒಂದು ಲಕ್ಷ ಸಲ. 0.3 ಅಥವಾ 0.4 ಇಡಿ. ಪೆಟ್ಟಿಗೆಯ ಗಾಳಿ ಅಷ್ಟು ಏರಿಳಿದರೂ ಚಿಪ್ಪಿನೊಳಗೆ ಅದು ತಾಗುವುದಿಲ್ಲ, ಮೊಟ್ಟೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ.

ರಿಲೇ ಕೆಡುವ ಬಗೆಯನ್ನು ತಿಳಿದಿರಬೇಕು. ತಣ್ಣಗಿರುವ ತಂತಿ ಬಲ್ಬು ಹೊತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಅದರ ಕಿಡಿಗೆ ರಿಲೇಯೊಳಗಿನ ಎರಡು ತುದಿಗಳು ಒಂದಕ್ಕೊಂದು ಬೆಸೆದುಕೊಂಡುಬಿಡಬಹುದು. ಆಗ ಬೋರ್ಡಿನಲ್ಲಿ ‘ಆಫ್’ ಕಂಡರೂ ಬಲ್ಬು ಉರಿಯುತ್ತಲೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದಕ್ಕೆ ಎರಡನೇ ಬೋರ್ಡನ್ನು ಸೀರೀಸ್‌ನಲ್ಲಿ ಹಾಕಿ, 38.7ಕ್ಕೆ ಕಡಿಯುವಂತೆ ಇಟ್ಟರೆ ಸಾಕು. ಮೊದಲನೆಯದು ಸರಿಯಿರುವವರೆಗೆ ಎರಡನೆಯದರ ರಿಲೇ ಅಲುಗುವುದೂ ಇಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಬೋರ್ಡುಗಳನ್ನು ಪೆಟ್ಟಿಗೆಯ ಹೊರಗೆ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ಅವುಗಳ ಬೆನ್ನಿನ ಬೆಸುಗೆಗಳಲ್ಲಿ ಮನೆ ಕರೆಂಟು ಬಯಲಾಗಿಯೇ ಇರುತ್ತದೆ.

ಬೋರ್ಡಿಗೆ ಉಷ್ಣಾಂಶ ತಿಳಿಸುವ ಸೆನ್ಸರ್ ಹೊಸದಾದ ಮಾತ್ರಕ್ಕೆ ನಿಜ ಹೇಳುತ್ತದೆ ಎಂದಲ್ಲ. ಅದನ್ನು ಪರೀಕ್ಷಿಸಲು ಮನೆಯಲ್ಲೇ ಒಂದು ಒಳ್ಳೆಯ ಸಾಧನವಿದೆ: ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್. ನಮಗೆ ಬೇಕಾದ 37–38ರ ಆಸುಪಾಸಿನಲ್ಲೇ ಅದು ನಿಖರವಾಗಿರುವಂತೆ ಮಾಡಿರುತ್ತಾರೆ. ಚಿಕ್ಕ ಲೋಟ ಬೇಗ ಆರುತ್ತದೆ, ದೊಡ್ಡ ಪಾತ್ರೆಯನ್ನೇ ತೆಗೆದುಕೊಂಡು 38 ಡಿಗ್ರಿಯ ಆಸುಪಾಸಿನ ನೀರು ತುಂಬಿ. ಸೆನ್ಸರಿನ ತುದಿಯನ್ನೂ ಥರ್ಮಾಮೀಟರಿನ ತುದಿಯನ್ನೂ ರಬ್ಬರ್ ಬ್ಯಾಂಡಿನಿಂದ ಒಟ್ಟಿಗೆ ಕಟ್ಟಿ, ಮುಳುಗಿಸಿ, ನೀರು ಕಲಕುತ್ತಿರಿ. ಥರ್ಮಾಮೀಟರ್ ಬೀಪ್ ಎಂದ ಕ್ಷಣದಲ್ಲೇ ಬೋರ್ಡಿನ ಅಂಕಿ ಓದಿ. ಜ್ವರದ್ದು 37.8, ಬೋರ್ಡು 37.1 ಎಂದರೆ ಅಂಕಿ ತಿದ್ದುವ ಸೆಟ್ಟಿಂಗ್ ಪಿ-4ರಲ್ಲಿ 0.7 ಕೂಡಿಸಿ. ಮೂರು ಸಲ ನೋಡಿ, ಮೂರೂ ಸಲ ಅಷ್ಟೇ ವ್ಯತ್ಯಾಸ ಬಂದರೆ ನಂಬಿ. ಜ್ವರದ ಥರ್ಮಾಮೀಟರನ್ನೇ ಪೆಟ್ಟಿಗೆಯೊಳಗೆ ಇಟ್ಟುಬಿಡೋಣವೆಂದರೆ ಆಗದು, ಅದು ಮುಟ್ಟಿದ ಗರಿಷ್ಠ ಅಂಕಿಯಲ್ಲೇ ನಿಂತುಬಿಡುತ್ತದೆ.

ಇನ್ನು ಬರಹದ 38 ಡಿಗ್ರಿಯ ಮಾತು. ಫ್ಯಾನ್ ಇದ್ದರೆ ಪೆಟ್ಟಿಗೆಯ ಎಲ್ಲೆಡೆ 37.5 ಇರಬೇಕು. ಫ್ಯಾನ್ ಇಲ್ಲದಿದ್ದರೆ ಬಿಸಿ ಗಾಳಿ ಮೇಲಕ್ಕೇರಿ ಪದರ ಪದರವಾಗಿ ನಿಲ್ಲುತ್ತದೆ, ಮುಚ್ಚಳದ ಹತ್ತಿರಕ್ಕೂ ತಳಕ್ಕೂ ಹಲವು ಡಿಗ್ರಿ ವ್ಯತ್ಯಾಸ. ಅಂಥಲ್ಲಿ ಮಲಗಿಸಿಟ್ಟ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು 38.3ರಿಂದ 38.9 ಇಡಬೇಕು. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಬಳಸಿದರೆ ಅಲ್ಲಿಗೆ ಮುಗಿಯಿತು. ಫ್ಯಾನ್ ಇರುವ ಪೆಟ್ಟಿಗೆಯಲ್ಲೂ ಸೆನ್ಸರ್ ಮೊಟ್ಟೆಯ ಮಟ್ಟದಲ್ಲೇ ಇರಲಿ, ಬಲ್ಬಿನಿಂದ ಬರುವ ಗಾಳಿಯ ನೇರಕ್ಕೆ ಬೇಡ. ಮೊಟ್ಟೆ ಇಡುವ ಮೊದಲು ಒಂದು ಇಡೀ ದಿನ ಖಾಲಿ ಪೆಟ್ಟಿಗೆ ಓಡಿಸಿ, ನಾಲ್ಕು ಮೂಲೆ ಮತ್ತು ನಡುವೆ ಅಳೆಯಿರಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫ್ಯಾನಿನ ದಿಕ್ಕು ಬದಲಿಸಿ. ಒಂದೆರಡು ಬಾಟಲಿಯಲ್ಲಿ ನೀರು ತುಂಬಿ ಮೂಲೆಯಲ್ಲಿಟ್ಟರೆ ಮುಚ್ಚಳ ತೆಗೆದಾಗಲೂ ಕರೆಂಟು ಹೋದಾಗಲೂ ಶಾಖ ಒಮ್ಮೆಗೇ ಕುಸಿಯುವುದಿಲ್ಲ.

ತೇವಾಂಶ ಮೊದಲ 18 ದಿನ 50–55 ಶೇಕಡ, ಕೊನೆಯ ಮೂರು ದಿನ 65–70. ಅಗ್ಗದ ತೇವಮಾಪಕಗಳನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಷ್ಟು ನೆನೆಯುವಂತೆ ಹನಿ ನೀರು ಬಿಟ್ಟು, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ 12 ಗಂಟೆ ಇಡಿ. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಎಂದು ಮೇಲೆಯೇ ಬರೆದಿಡಿ. ತೇವ ಹೆಚ್ಚಿಸಲು ಆಳದ ಪಾತ್ರೆಯಿಂದ ಉಪಯೋಗವಿಲ್ಲ. ಆವಿಯಾಗುವುದು ನೀರಿನ ಮೇಲ್ಮೈಯಿಂದ, ಆದ್ದರಿಂದ ಅಗಲ ತಟ್ಟೆ ಇಡಿ, ಇನ್ನೂ ಬೇಕಾದರೆ ಅದರಲ್ಲಿ ಸ್ಪಂಜು ನಿಲ್ಲಿಸಿ.

ಮಾಪಕಕ್ಕಿಂತಲೂ ನಂಬಿಕೆಯದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೊಟ್ಟೆ ಕಾವಿನಲ್ಲಿ ನೀರು ಕಳೆದುಕೊಳ್ಳಲೇಬೇಕು, 18 ದಿನದಲ್ಲಿ ತೂಕದ ಸುಮಾರು 12 ಶೇಕಡ. ಹಾಗಾದಾಗಲೇ ಮೊಂಡು ತುದಿಯ ಗಾಳಿಕೋಣೆ ದೊಡ್ಡದಾಗಿ, ಮರಿಗೆ ಮೊದಲ ಉಸಿರಿಗೆ ಜಾಗ ಸಿಗುವುದು. 55 ಗ್ರಾಮಿನ 12 ಮೊಟ್ಟೆ ಎಂದರೆ 660 ಗ್ರಾಂ. ಏಳನೇ ದಿನಕ್ಕೆ 629ರ ಆಸುಪಾಸು, 18ನೇ ದಿನಕ್ಕೆ 581ರ ಆಸುಪಾಸು ಇರಬೇಕು. ಏಳನೇ ದಿನ 645 ಇದ್ದರೆ ತೇವ ಹೆಚ್ಚಾಗಿದೆ, ನೀರಿನ ತಟ್ಟೆ ಚಿಕ್ಕದು ಮಾಡಿ. 610ಕ್ಕೆ ಇಳಿದಿದ್ದರೆ ಒಣಗುತ್ತಿದೆ, ತಟ್ಟೆ ದೊಡ್ಡದು ಮಾಡಿ. ಒಂದು ದಿನ ಹೆಚ್ಚುಕಡಿಮೆ ಆದರೂ ಮುಂದಿನ ವಾರ ಸರಿದೂಗಿಸಬಹುದು. ಉಷ್ಣಾಂಶದ ತಪ್ಪಿಗೆ ಈ ರಿಯಾಯಿತಿ ಇಲ್ಲ.

ಮೊಟ್ಟೆ ತಿರುಗಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಒಂದು ಪಕ್ಕಕ್ಕೆ ಗುಣಾಕಾರದ ಗುರುತು, ಇನ್ನೊಂದಕ್ಕೆ ಸೊನ್ನೆ, ಪೆನ್ಸಿಲಿನಲ್ಲಿ ಹಾಕಿ. ಪೆನ್ನಿನ ಶಾಯಿ ಬೇಡ. ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಬೆಸ ಸಂಖ್ಯೆ ಏಕೆಂದರೆ ಉದ್ದನೆಯ ರಾತ್ರಿಯನ್ನು ಮೊಟ್ಟೆ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯಬಾರದು. ಯಂತ್ರ ಬೇಕೆನ್ನುವವರು ಮೈಕ್ರೋವೇವಿನ ತಟ್ಟೆ ತಿರುಗಿಸುವ ಮೋಟಾರು ಬಳಸಿ, ಅದರ ಗಾಲಿಗೆ ಕಡ್ಡಿ ಜೋಡಿಸಿ ತಟ್ಟೆಯನ್ನು ಎರಡೂ ಕಡೆಗೆ 45 ಡಿಗ್ರಿ ಓಲಿಸಬಹುದು. ಆ ಮೋಟಾರಿನ ಚೀಟಿ ಓದಿ: ಕೆಲವು ಮನೆ ಕರೆಂಟಿನವು, ಕೆಲವು 21 ಅಥವಾ 30 ವೋಲ್ಟಿನವು, ನೇರ ಕೊಟ್ಟರೆ ಹೊಗೆ ಬರುತ್ತದೆ. ಮೈಕ್ರೋವೇವನ್ನು ನೀವೇ ಬಿಚ್ಚಬೇಡಿ. ಅದರೊಳಗಿನ ಹೈ ವೋಲ್ಟೇಜ್ ಕೆಪಾಸಿಟರ್ ಪ್ಲಗ್ಗು ಕಿತ್ತ ಮೇಲೂ ಜೀವ ತೆಗೆಯಬಲ್ಲದು. ಬಿಚ್ಚಿದ ಮೋಟಾರನ್ನೇ ಕೇಳಿ ತನ್ನಿ.

ಮೊಟ್ಟೆಯ ಆಯ್ಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಳು ದಿನಕ್ಕಿಂತ ಹಳತು ಬೇಡ, ಚೂಪು ತುದಿ ಕೆಳಗಾಗಿ 15–18 ಡಿಗ್ರಿಯ ತಂಪಿನಲ್ಲಿಟ್ಟದ್ದಾಗಿರಲಿ, ಓಡುವ ಫ್ರಿಜ್ಜಿನದು ಬೇಡ. ತೊಳೆಯಬೇಡಿ. ಚಿಪ್ಪಿನ ಮೇಲಿನ ಪೊರೆ ಹೋದರೆ ರಂಧ್ರಗಳ ಮೂಲಕ ರೋಗಾಣು ಒಳಗಿಳಿದು, ಹದಿನೈದನೇ ದಿನ ಮೊಟ್ಟೆ ಢಬ್ಬೆಂದು ಸಿಡಿದು ಇಡೀ ಪೆಟ್ಟಿಗೆ ನಾರುತ್ತದೆ. ಏಳನೇ ದಿನ ಕತ್ತಲಲ್ಲಿ ಟಾರ್ಚಿನ ಮೇಲಿಟ್ಟು ನೋಡಿದರೆ ಜೇಡರ ಬಲೆಯಂಥ ರಕ್ತನಾಳ ಕಂಡದ್ದು ಜೀವಂತ. ಏನೂ ಇಲ್ಲದೆ ತಿಳಿಯಾಗಿದ್ದದ್ದು ಗೊಡ್ಡು, ಅದಕ್ಕೆ ಹುಂಜವನ್ನು ಬೈದರೆ ತಪ್ಪಿಲ್ಲ. ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಬೆಳೆಯತೊಡಗಿ ಮೊದಲ ದಿನಗಳಲ್ಲೇ ಸತ್ತಿದೆ.

ಕರೆಂಟು ಹೋದರೆ ಗಾಬರಿ ಬೇಡ. ಒಂದೆರಡು ಗಂಟೆಯ ತಂಪನ್ನು ಮೊಟ್ಟೆ ತಡೆಯುತ್ತದೆ, 40.5 ಡಿಗ್ರಿಯ ಬಿಸಿಯನ್ನು ಅಷ್ಟು ಹೊತ್ತು ತಡೆಯುವುದಿಲ್ಲ. ಮೊದಲ ವಾರಗಳಲ್ಲಾದರೆ ಮೇಲೆ ಕಂಬಳಿ ಹೊದಿಸಿ. ಕೊನೆಯ ವಾರದಲ್ಲಿ ಮೊಟ್ಟೆಗಳೇ ಶಾಖ ಬಿಡುತ್ತಿರುತ್ತವೆ, ಆಗ ಕಂಬಳಿಯಿಂದ ತೂತು ಮುಚ್ಚಿದರೆ ಉಸಿರುಗಟ್ಟುತ್ತವೆ. ಕರೆಂಟು ಬಂದ ಮೇಲೆ ಕಂಬಳಿ ತೆಗೆಯುವುದನ್ನು ಮರೆಯಬೇಡಿ. ಹಳೇ ವಾಹನದ 12 ವೋಲ್ಟ್ ಬ್ಯಾಟರಿ ಇದ್ದರೆ ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಒಳಗೆ ಜೋಡಿಸಿಡಬಹುದು. ಅದು ಎಳೆಯುವುದು ಗಂಟೆಗೆ 1.75 ಆಂಪಿಯರ್-ಅವರ್, ಅರೆಬಲದ ಬ್ಯಾಟರಿಯೂ ಕೆಲವು ಗಂಟೆ ನಡೆಸುತ್ತದೆ. ಆ ಬಲ್ಬೂ ಥರ್ಮೋಸ್ಟಾಟಿನ ಮೂಲಕವೇ ಹೋಗಲಿ, ಆದರೆ ಮನೆ ಕರೆಂಟಿನದರ ಮೂಲಕ ಅಲ್ಲ, ಬ್ಯಾಟರಿಯಲ್ಲೇ ಓಡುವ ಬೇರೊಂದರ ಮೂಲಕ.

18ನೇ ದಿನ ತಿರುಗಿಸುವುದು ನಿಲ್ಲಿಸಿ, ಮೊಟ್ಟೆಗಳ ಕೆಳಗೆ ಒರಟು ಬಟ್ಟೆ ಹಾಸಿ. ನುಣುಪು ತಗಡಿನ ಮೇಲೆ ಮರಿಗಳ ಕಾಲು ಸೀಳಿಕೊಂಡು ಅಗಲವಾಗುತ್ತವೆ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಹೊರಬರಲು 12ರಿಂದ 24 ಗಂಟೆ ಬೇಕು. ಆ ಹೊತ್ತಿನಲ್ಲಿ ಕರುಣೆಯಿಂದ ಚಿಪ್ಪು ಕೀಳುವವರು ಮರಿಗೆ ರಕ್ತ ಸುರಿಸುತ್ತಾರೆ, ಮುಚ್ಚಳ ತೆಗೆದು ಉಳಿದವುಗಳ ಪೊರೆ ಒಣಗಿಸುತ್ತಾರೆ.

ಫಲಿತಾಂಶ ಬಂದ ಮೇಲೆ ದಿನಾಂಕ ನೋಡಿ. 19ನೇ ದಿನವೇ ಮರಿ ಒಡೆದು ಹೊಕ್ಕುಳು ಸರಿಯಾಗಿ ಮುಚ್ಚದಿದ್ದರೆ ಬಿಸಿ ಹೆಚ್ಚಾಗಿತ್ತು. 22–23ಕ್ಕೆ ಎಳೆದಾಡಿ ಒಡೆದರೆ ಕಡಿಮೆಯಾಗಿತ್ತು. ಮರಿ ಚಿಪ್ಪಿಗೆ ಒಣಗಿ ಅಂಟಿದ್ದರೆ ತೇವ ಸಾಲದು, ಊದಿಕೊಂಡು ಅಂಟಂಟಾಗಿದ್ದರೆ ತೇವ ಅತಿ. ಒಂದೇ ಮೂಲೆಯವು ಮಾತ್ರ ಸತ್ತಿದ್ದರೆ ಫ್ಯಾನನ್ನು ನೋಡಿ. ಇದೆಲ್ಲ ಕೋಳಿಯ ಲೆಕ್ಕ. ಇದೇ ಪೆಟ್ಟಿಗೆಯಲ್ಲಿ ಜಪಾನೀ ಕ್ವೇಲ್ 17–18 ದಿನಕ್ಕೆ, ಬಾತು 28 ದಿನಕ್ಕೆ ಒಡೆಯುತ್ತವೆ. ತಿರುಗಿಸುವುದನ್ನು ನಿಲ್ಲಿಸುವ ದಿನವನ್ನು ಅದಕ್ಕೆ ತಕ್ಕಂತೆ ಕೊನೆಯಿಂದ ಮೂರು ದಿನ ಹಿಂದಕ್ಕೆ ಎಣಿಸಿಕೊಳ್ಳಿ.

ಮರಿಗಳು ಒಣಗಿ ಪುಕ್ಕ ಅರಳುವವರೆಗೆ ಒಳಗೇ ಇರಲಿ, ಒಂದು ದಿನ ನೀರು ಆಹಾರವಿಲ್ಲದಿದ್ದರೂ ಹೊಟ್ಟೆಯೊಳಗಿನ ಹಳದಿ ಸಾಕಾಗುತ್ತದೆ. ಅವು ಹೊರಬಂದ ಮೇಲೆ ಚಿಪ್ಪು, ತುಪ್ಪುಳ ಎಲ್ಲ ತೆಗೆದು, ನೀರಿನಲ್ಲಿ ಕದಡಿದ ಬ್ಲೀಚಿಂಗ್ ಪುಡಿಯಿಂದ ಒರೆಸಿ ಬಿಸಿಲಿಗಿಡಿ. ಥರ್ಮಾಕೋಲ್‌ನ ಸಂದುಗಳಲ್ಲಿ ಕೊಳೆ ಉಳಿದೇ ಉಳಿಯುತ್ತದೆ, ಆದ್ದರಿಂದ ಮೊದಲೇ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಪ್ರತಿ ಸಲ ಬದಲಿಸುವುದು ಲೇಸು. ಫ್ಯಾನಿನ ರೆಕ್ಕೆಗೆ ಮೆತ್ತಿದ ತುಪ್ಪುಳವನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು, ಮುಂದಿನ ಮೊಟ್ಟೆ ಇಡುವ ಮೊದಲು ಸೆನ್ಸರನ್ನು ಮತ್ತೊಮ್ಮೆ ಬಿಸಿನೀರಿನಲ್ಲಿ ಪರೀಕ್ಷಿಸಿ.

ಇಂತಿ,
ತಮ್ಮ ಓದುಗ